ಮನೆನ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡೋ ಮುಂಚೆ ರೂಲ್ಸ್ ನೋಡ್ಕೊಳ್ಳೋದು ಹೆಂಗೆ

ಏರ್‌ಬಿಎನ್‌ಬಿ ತರದ ಆಪಲ್ಲಿ ಮನೆ ಹಾಕ್ಬೇಕು ಅಂತಿದ್ರೆ ಫೋಟೋ, ರೇಟು ಎಲ್ಲಾ ಆಮೇಲೆ, ಮೊದ್ಲು ನಿಮ್ಮ ನಗರಾಡಳಿತದ ವೆಬ್‌ಸೈಟ್ ತೆಗೆದು ನೋಡಿ, ಯಾಕಂದ್ರೆ ರೂಲ್ಸು ಊರಿಂದ ಊರಿಗೆ ಪೂರ್ತಿ ಬೇರೆ ಇರತ್ತೆ.

ಮುಖ್ಯವಾಗಿ ನೋಡ್ಬೇಕಾಗಿರೋದು ವರ್ಷಕ್ಕೆ ಎಷ್ಟು ರಾತ್ರಿ ಕೊಡಬಹುದು ಅನ್ನೋದು. ಲಂಡನ್ನಲ್ಲಿ ಇಡೀ ಮನೆ ಕೊಡೋದಾದ್ರೆ ಪ್ಲಾನಿಂಗ್ ಪರ್ಮಿಶನ್ (ಮನೆ ಬಳಕೆ ಬದಲಾಯಿಸೋಕೆ ನಗರಾಡಳಿತ ಕೊಡೋ ಅನುಮತಿ) ಇಲ್ದೆ ವರ್ಷಕ್ಕೆ 90 ರಾತ್ರಿ ಅಷ್ಟೇ. ನ್ಯೂಯಾರ್ಕಲ್ಲಿ 2023ರ ಸೆಪ್ಟೆಂಬರಿಂದ ಇನ್ನೂ ಬಿಗಿ ಮಾಡಿದಾರೆ, 30 ದಿನಕ್ಕಿಂತ ಕಮ್ಮಿ ಬಾಡಿಗೆಗೆ ರಿಜಿಸ್ಟ್ರೇಷನ್ ಬೇಕು, ಹೋಸ್ಟ್, ಅಂದ್ರೆ ಮನೆ ಕೊಡೋರು, ಅದೇ ಮನೇಲಿ ಇರ್ಬೇಕು, ಗೆಸ್ಟ್ ಇಬ್ಬರಿಗಿಂತ ಜಾಸ್ತಿ ಇರಂಗಿಲ್ಲ. ಬಾರ್ಸಿಲೋನಾ ಅಂತೂ 2028ಕ್ಕೆ ಟೂರಿಸ್ಟ್ ಫ್ಲಾಟ್ ಲೈಸೆನ್ಸೇ ನಿಲ್ಲಿಸ್ತೀವಿ ಅಂತ 2024ರಲ್ಲೇ ಹೇಳಿದೆ. ಅಲ್ಲೇ ಬದುಕೋರಿಗೆ ಬಾಡಿಗೆ ಮನೆ ಸಿಗ್ದೆ ಒದ್ದಾಡ್ತಿದ್ದಾಗ ಇಂಥ ರೂಲ್ಸ್ ಬರೋದು ನ್ಯಾಯಾನೇ ಅಂತ ನಂಗನ್ಸತ್ತೆ.

ರಿಜಿಸ್ಟ್ರೇಷನ್ ನಂಬರ್ ಸಿಕ್ಮೇಲೆ ಅದನ್ನ ಲಿಸ್ಟಿಂಗಲ್ಲಿ, ಅಂದ್ರೆ ಆಪಲ್ಲಿರೋ ನಿಮ್ಮ ಮನೆ ಜಾಹೀರಾತಲ್ಲಿ, ಹಾಕ್ಬೇಕಾ ಅಂತ ನಗರಾಡಳಿತದೋರನ್ನ ಕೇಳಿ, ತುಂಬಾ ಕಡೆ ಕಡ್ಡಾಯ. ಟ್ಯಾಕ್ಸ್ ಆಪ್‌ನೋರೇ ಕಟ್ತಾರಾ ನೀವಾ ಅದನ್ನೂ ಕೇಳ್ಕೊಳಿ.

ಸರ್ಕಾರ ಓಕೆ ಅಂದ್ರೂ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಬೇಡ ಅನ್ನಬಹುದು, ನೀವೇ ಬಾಡಿಗೆಗೆ ಇದ್ರೆ ಓನರ್ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಬಾಯಿಮಾತು ಸಾಲಲ್ಲ. ಮನೆ ಇನ್ಶೂರೆನ್ಸ್ ಪೇಪರೂ ಒಂದ್ಸಲ ಓದಿ, ಗೆಸ್ಟಿಂದ ಆದ ಡ್ಯಾಮೇಜ್ ಎಷ್ಟೋ ಪಾಲಿಸೀಲಿ ಸೇರಿರಲ್ಲ.