ಬಾವಿ ನೀರಿನಲ್ಲಿ ಚೊಗರಿನ ಕೆಂಪು: ನನ್ನ ಅನುಭವ

ಉಡುಪಿಯ ಮುರಕಲ್ಲಿನ (ಕೆಂಪುಕಲ್ಲಿನ) ಬಾವಿ ನೀರಿಗೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಗಟ್ಟಿ ನೀರು, ಹಾಕಿ ಹತ್ತಿ ನೂಲು ಮುಳುಗಿಸಿದರೆ ಬೂದಿ ಬಣ್ಣ ಬರುತ್ತದೆ, ಕೆಂಪು ಬರುವುದಿಲ್ಲ, ಬಂದರೂ ನಾಲ್ಕು ತೊಳೆತಕ್ಕೆ ಇಳಿಯುತ್ತದೆ ಎಂದು ಹೇಳಿದವರು ಒಬ್ಬಿಬ್ಬರಲ್ಲ. ನೇಕಾರರು ಹೇಳಿದರು, ಸೀರೆ ಅಂಗಡಿಯವರು ಹೇಳಿದರು, ಕೆಮಿಕಲ್ ಬಣ್ಣ ಹಾಕುವವರಂತೂ ಹೇಳುತ್ತಲೇ ಇದ್ದರು. ಈಗ ಅದೇ ಬಣ್ಣದ 60 ನಂಬರ್ ನೂಲಿನ ಸೀರೆ ಇಪ್ಪತ್ತೈದು ತೊಳೆತ ದಾಟಿ ನಿಂತಿದೆ. ಲಡಿ (ನೂಲಿನ ಕಟ್ಟು) ಬಿಚ್ಚುವುದು, ಬಣ್ಣದ ಹಂಡೆ ಹದ ಮಾಡುವುದು ಗೊತ್ತಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರಿನ ವಿಷಯ, ಯಾಕೆಂದರೆ ಹಾಳಾದದ್ದರಲ್ಲಿ ಮುಕ್ಕಾಲು ಪಾಲು ಇಲ್ಲಿಯೇ. ಮುರಕಲ್ಲಿನಲ್ಲಿ ಕಬ್ಬಿಣ ಉಂಟು, ಅದು ಬಾವಿಗೆ ಇಳಿಯುತ್ತದೆ. ಕುಡಿಯುವಾಗ ಗೊತ್ತಾಗುವುದಿಲ್ಲ, ಆದರೆ ಅಡಿಕೆಯ ಒಗರು ಅದನ್ನು ಬಿಡುವುದಿಲ್ಲ. ಎರಡೂ ಸೇರಿದ ಕೂಡಲೇ ಕಪ್ಪು. ಪರೀಕ್ಷೆ ಸುಲಭ: ಒಂದು ಗಾಜಿನ ಲೋಟ ನೀರಿಗೆ ಚಿಟಿಕೆ ಅಳಲೆಕಾಯಿ ಪುಡಿ ಹಾಕಿ ರಾತ್ರಿ ಇಡಿ. ಬೆಳಿಗ್ಗೆ ನೀಲಿಗಪ್ಪು ತಿರುಗಿದ್ದರೆ ಆ ನೀರು ಕೆಂಪಿಗೆ ಆಗದು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಹಿಡಿದಾಗ ಇನ್ನೂ ಕೆಟ್ಟದು. ಮೂರು ಹಂಡೆ ನೂಲು, ಸುಮಾರು 8 ಕಿಲೋ, ಈ ಪರೀಕ್ಷೆ ಮಾಡದೆ ಮುಳುಗಿಸಿದ್ದಕ್ಕೆ ಹೋಯಿತು. ಚೊಗರು, ಸೌದೆ ಎಲ್ಲ ಸೇರಿ 11,000 ರೂಪಾಯಿಯ ಹತ್ತಿರ ನಷ್ಟ.

ಉಪಾಯ ಎರಡು. ಒಂದು, ಬಾವಿ ನೀರನ್ನು ಎತ್ತರದಿಂದ ಸಣ್ಣ ಧಾರೆಯಾಗಿ ಡ್ರಮ್ಮಿಗೆ ಬೀಳಿಸಿ, ನೂರು ಲೀಟರಿಗೆ ಒಂದು ಚಮಚ ಸುಣ್ಣದ ತಿಳಿ ಹಾಕಿ, ಒಂದು ದಿನ ಬಿಡುವುದು. ಕಬ್ಬಿಣ ಗಾಳಿ ಸೋಕಿ ತುಕ್ಕಾಗಿ ತಳಕ್ಕೆ ಕೂರುತ್ತದೆ. ಮೇಲಿನದನ್ನು ಮರಳು, ಇದ್ದಿಲಿನ ಮೂಲಕ ಸೋಸಬೇಕು. ಇನ್ನೊಂದು, ಮಳೆ ನೀರು. ನಮ್ಮಲ್ಲಿ ಅದಕ್ಕೇನು ಬರ? ಹಂಚಿನ ಮಾಡಿನಿಂದ ಮೊದಲ ಒಂದು ವಾರದ ಮಳೆ ಹೋಗಲು ಬಿಟ್ಟು, ಆಮೇಲಿನದನ್ನು ಹಿಡಿಯುವುದು. ತಗಡಿನ ಮಾಡಿನ ನೀರು ಬೇಡವೇ ಬೇಡ, ತುಕ್ಕು ಮತ್ತೆ ಹಂಡೆಗೆ ಬಂದ ಹಾಗೆ. ಎರಡು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ, ಪೈಪಿಗೆ ಹದಿನಾಲ್ಕು ಸಾವಿರದಷ್ಟು ಹಾಕಿದ್ದು. ಈ ಕೆಲಸದಲ್ಲಿ ಇಷ್ಟು ಬೇಗ ಹಿಂದೆ ಬಂದ ಹಣ ಬೇರೆ ಇಲ್ಲ. ಕಡಲ ಬದಿಯಲ್ಲಿ, ಬೇಸಗೆಗೆ ಬಾವಿ ಉಪ್ಪಾಗುವಲ್ಲಿ ಇರುವವರು ಮಳೆ ನೀರನ್ನೇ ಹಿಡಿಯಬೇಕು.

ಚೊಗರು ಸಿಗುವುದು ಘಟ್ಟದ ಮೇಲಿನಿಂದ. ನಮ್ಮ ಜಿಲ್ಲೆಗಳಲ್ಲಿ ಒಣಗಿಸಿ ಸುಲಿಯುವ ಚಾಲಿಯೇ ಹೆಚ್ಚು. ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದು ತೀರ್ಥಹಳ್ಳಿ, ಸಾಗರ, ಶೃಂಗೇರಿ ಕಡೆಯವರು. ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಬಳಸಿ ಗಟ್ಟಿಯಾದದ್ದು ಚೊಗರು. ಕೊಯ್ಲಿನ ಸಮಯಕ್ಕೆ ಹೋಗಿ ಅಂಗಳದಲ್ಲೇ ನೋಡಿ ತರುವುದು ಒಳ್ಳೆಯದು. ಒಮ್ಮೆ ಒಬ್ಬ ವ್ಯಾಪಾರಿ ಕಳಿಸಿದ 40 ಲೀಟರಿನಲ್ಲಿ ಬೇರೆ ಬಣ್ಣ ಬೆರೆತಿತ್ತು. ನೂಲು ಹಂಡೆಯಲ್ಲಿ ಚೆಂದವಾಗಿ ಕೆಂಪಾಗಿ, ಮೊದಲ ಜಾಲಾಡಿಕೆಯಲ್ಲೇ ಎಲ್ಲ ಬಿಟ್ಟಿತು. ಈಗ ಬಿಳಿ ಬಟ್ಟೆಯ ಪಟ್ಟಿಗೆ ಅದ್ದಿ, ಒಣಗಿಸಿ, ಸೋಪಿನಲ್ಲಿ ಉಜ್ಜಿ ನೋಡಿಯೇ ಹಣ ಕೊಡುವುದು. ಬಸ್ಸಿನ ಸಾಗಾಟ ಸೇರಿ ಲೀಟರಿಗೆ 200 ದಾಟುತ್ತದೆ. ತಂದ ಮೇಲೆ ಎರಡು ದಿನ ಅಲುಗಾಡಿಸದೆ ಇಟ್ಟು, ತಳದ ರಾಡಿ ಬಿಟ್ಟು, ಎರಡು ಮಡಿಕೆ ಪಂಚೆಯಲ್ಲಿ ಸೋಸಬೇಕು. ಸೋಸದಿದ್ದರೆ ನೂಲಿಗೆ ಅಂಟು ಹಿಡಿದು ನಳಿಗೆ ಸುತ್ತುವಾಗ ಎಳೆ ಎಳೆಗೆ ಕಚ್ಚಿಕೊಳ್ಳುತ್ತದೆ.

ಇನ್ನು ಹಂಡೆ. ಮೊದಲು ನೂಲಿನ ಜಿಡ್ಡು ತೆಗೆಯಬೇಕು: ಒಂದು ಕಿಲೋ ನೂಲಿಗೆ 30 ಲೀಟರ್ ನೀರು, 50 ಗ್ರಾಂ ವಾಷಿಂಗ್ ಸೋಡಾ, ಒಂದು ಹಿಡಿ ಅಂಟುವಾಳ. ಎರಡು ಗಂಟೆ ಕುದಿ. ನೂಲಿನ ಮೇಲೆ ಒಂದು ಹನಿ ನೀರು ಬಿಟ್ಟರೆ ತಕ್ಷಣ ಹೀರಬೇಕು. ಹನಿ ಗುಂಡಾಗಿ ನಿಂತರೆ ಇನ್ನೊಂದು ಕುದಿ ಬೇಕು, ಇಲ್ಲದಿದ್ದರೆ ಬಣ್ಣ ತೇಪೆ ತೇಪೆ.

ಇಲ್ಲಿಂದ ಮುಂದೆ ಎಲ್ಲರೂ ಅಳಲೆಕಾಯಿಯಲ್ಲಿ ನೆನೆಸಿ ಎನ್ನುತ್ತಾರೆ. ಹತ್ತಿಗೆ ಒಗರಿನ ತಳ ಬೇಕು, ಬಣ್ಣ ಹಿಡಿಸುವ ಪಟಿಕ ಅದರ ಮೇಲೆ ಕೂರುತ್ತದೆ, ಅದು ಸರಿಯೇ. ಆದರೆ ಅಳಲೆಯ ಹಳದಿ ಚೊಗರಿನ ಕೆಂಪನ್ನು ಕಂದು ಮಾಡುತ್ತದೆ. ಚೊಗರೇ ಒಗರಲ್ಲವೇ? ಹಾಗಾಗಿ ಅಳಲೆಯನ್ನು ಪೂರ್ತಿ ಬಿಟ್ಟು ಚೊಗರು, ಪಟಿಕ, ಮತ್ತೆ ಚೊಗರು ಎಂದು ಮಾಡಿದ್ದು. ಜನ ನಂಬದೇ ಇದ್ದದ್ದು ಇದನ್ನೇ, ಕೆಲಸ ಮಾಡಿದ್ದೂ ಇದೇ.

ಮೊದಲ ಹಂಡೆಗೆ ಕಿಲೋಗೆ ಒಂದೂವರೆ ಲೀಟರ್ ಗಟ್ಟಿ ಚೊಗರು, 20 ಲೀಟರ್ ನೀರು. ಕೈ ಬೆಚ್ಚಗಿನಿಂದ ಶುರು ಮಾಡಿ, ಮುಕ್ಕಾಲು ಗಂಟೆಯಲ್ಲಿ ನಿಧಾನಕ್ಕೆ 80 ಡಿಗ್ರಿಗೆ ಏರಿಸಿ, ಲಡಿ ತಿರುಗಿಸುತ್ತಾ ಇರಬೇಕು. ಕುದಿಸಬಾರದು, ಕುದಿಸಿದರೆ ಕೆಂಪು ಸತ್ತು ಕಂದು ಉಳಿಯುತ್ತದೆ. ತೆಂಗಿನ ಸಿಪ್ಪೆಯ ಉರಿ ಇದಕ್ಕೆ ಹೇಳಿ ಮಾಡಿಸಿದ್ದು. ಮಡಲು ಭಗ್ಗನೆ ಉರಿದು ಹದ ತಪ್ಪಿಸುತ್ತದೆ. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಕಬ್ಬಿಣದ ಕಡಾಯಿ ಹತ್ತಿರವೂ ಬರಬಾರದು. ರಾತ್ರಿಯಿಡೀ ಅದರಲ್ಲೇ ತಣಿಯಲಿ. ಮರುದಿನ ಹಿಂಡಿ, ಕಿಲೋಗೆ 150 ಗ್ರಾಂ ಪಟಿಕದ ಬೆಚ್ಚಗಿನ ನೀರಿನಲ್ಲಿ ಇನ್ನೊಂದು ರಾತ್ರಿ. ಬಳಿಕ ಒಂದೇ ಜಾಲಾಡಿಕೆ, ಎರಡನೇ ಚೊಗರು ಒಂದು ಲೀಟರ್, ಮತ್ತೆ ಅದೇ ಹದ.

ಇಷ್ಟಾದಾಗ ನೂಲು ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತದೆ. ಅದನ್ನು ಕೆಂಪಿಗೆ ತರುವುದು ಸುಣ್ಣ. ವೀಳ್ಯ ಮೆಲ್ಲುವವರ ಬಾಯಿ ಕೆಂಪಾಗುವುದು ಹೇಗೋ ಹಾಗೆ. ನಮ್ಮ ಕಡೆಯ ಚಿಪ್ಪಿನ ಸುಣ್ಣ ಒಂದು ಚಮಚ 20 ಲೀಟರಿಗೆ ಕಲಸಿ, ತಳ ಕೂತ ಮೇಲೆ ತಿಳಿಯನ್ನು ಮಾತ್ರ ತೆಗೆದು, ಐದು ನಿಮಿಷ ಅದ್ದುವುದು. ಹತ್ತು ನಿಮಿಷ ಬಿಟ್ಟ ಲಡಿ ಒರಟಾಗಿ, ಮಗ್ಗದಲ್ಲಿ ಎಳೆ ಪಟಪಟ ತುಂಡಾಯಿತು. ಸುಣ್ಣದಿಂದ ಬಂದ ಕೆಂಪಿಗೆ ಒಂದು ದೋಷ ಉಂಟು: ಹುಳಿ ತಾಗಿದಲ್ಲಿ ಇಳಿಯುತ್ತದೆ. ಸಾರು ಚೆಲ್ಲಿದರೆ ಕಲೆ, ನಿಂಬೆ ಬಿದ್ದರೆ ಕಲೆ. ಇದನ್ನು ತಡೆಯಲು ಸುಣ್ಣದ ಮೇಲೆ ಇನ್ನೊಂದು ಮುಳುಗು ಕೊಡುತ್ತೇನೆ. ಅದು ಯಾವುದರ ಮುಳುಗು ಎಂದು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ತೆಗೆದುಕೊಂಡ ಸಂಗತಿ ಅದು. ಅಡುಗೆಮನೆಯಲ್ಲಿ ಇರುವ ವಸ್ತು ಎಂದು ಮಾತ್ರ ಹೇಳಬಲ್ಲೆ.

ಒಣಗಿಸುವುದು ನೆರಳಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಒಣಗದೆ ಬೂಷ್ಟು ಹಿಡಿಯುತ್ತದೆ, ಒಲೆಯ ಅಟ್ಟಕ್ಕೆ ಹಾಕಿದರೆ ಹೊಗೆ ವಾಸನೆ ಸೀರೆ ಆದ ಮೇಲೂ ಹೋಗುವುದಿಲ್ಲ. ಆ ಮೂರು ತಿಂಗಳು ಹಂಡೆ ಕವುಚಿಡುವುದೇ ವಾಸಿ; ನೀರು ಹಿಡಿಯುವ ಕಾಲ ಅದು. ಒಣಗಿದ ಕೂಡಲೇ ನೇಯಲೂ ಬಾರದು. ಚೊಗರು ಗಾಳಿ ಬೆಳಕಿಗೆ ಇನ್ನೂ ಗಾಢವಾಗುತ್ತಾ ಹೋಗುತ್ತದೆ. ಮೊದಲ ಆರು ಸೀರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ತಿಂಗಳು ಮಡಿಕೆಯಾಗಿ ಕೂತು, ಮಡಿಕೆಯ ಹೊರಬದಿ ಮಾತ್ರ ಕಪ್ಪಿಟ್ಟು ಪಟ್ಟೆ ಬಿದ್ದವು. ಆರೂ ವಾಪಸ್ಸು. ಈಗ ಲಡಿಗಳನ್ನು ಚಾವಡಿಯ ಬಿದಿರಿಗೆ ಹದಿನೈದು ದಿನ ನೇತುಹಾಕಿ, ದಿನಕ್ಕೊಮ್ಮೆ ತಿರುಗಿಸಿ, ಆಗಬೇಕಾದ ಬದಲಾವಣೆ ನೂಲಿನಲ್ಲೇ ಆಗಲು ಬಿಡುತ್ತೇನೆ. ಆ ಮೇಲೆ ಒಂದು ಪಟ್ಟೆಯೂ ಬಂದಿಲ್ಲ.

ನಡುವೆ ಬೇರೆ ಹಂಡೆಗಳನ್ನೂ ಇಟ್ಟದ್ದುಂಟು. ಪುನರ್ಪುಳಿ ಸಿಪ್ಪೆ ಮೊದಲ ದಿನ ನೋಡಲು ಎಂಥಾ ಗುಲಾಬಿ! ಸೋಪು ತಾಗಿದ ಕೂಡಲೇ ಬಣ್ಣವೇ ತಿರುಗಿತು, ವಾರದ ಬಿಸಿಲಿಗೆ ಏನೂ ಇಲ್ಲ. ಸಾಗುವಾನಿಯ ಚಿಗುರೂ ಹೀಗೆಯೇ ಆಸೆ ತೋರಿಸುತ್ತದೆ. ಗೇರುಬೀಜದ ತಿರುಳಿನ ಮೇಲಿನ ತೆಳು ಕೆಂಪು ಸಿಪ್ಪೆ ಮಾತ್ರ ನಿಜವಾಗಿ ಗಟ್ಟಿ. ಕಾರ್ಖಾನೆಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ, ಬೇಯಿಸಿದರೆ ಒಳ್ಳೆಯ ಕಂದು, ಚೂರು ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿದರೆ ಖಾಕಿಯ ಹತ್ತಿರ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾನ್ ಹಾಲರ್ 1851ರಲ್ಲಿ ಬಂದು ನಡೆಸಿದ ಬಲ್ಮಠದ ನೇಯ್ಗೆ ಕಾರ್ಖಾನೆಯಿಂದಲೇ ಖಾಕಿ ಹುಟ್ಟಿತು ಎಂದು ಮಂಗಳೂರಿನಲ್ಲಿ ಹೇಳುವುದು ಈ ಕಂದನ್ನು ಕಂಡಾಗಲೆಲ್ಲ ನೆನಪಾಗುತ್ತದೆ. ಗೇರಿನದ್ದು ಬೇರೆಯೇ ಬರೆಯಬೇಕಾದ ವಿಷಯ.

ಹೊಸ ಬಣ್ಣದ ನೂಲನ್ನು ನೇಕಾರರು ಸುಲಭಕ್ಕೆ ಮಗ್ಗಕ್ಕೆ ಹತ್ತಿಸುವುದಿಲ್ಲ, ಅದು ನ್ಯಾಯವೇ. ಹಾಸು (ಮಗ್ಗದ ಉದ್ದ ಎಳೆ) ತುಂಡಾದರೆ ದಿನದ ಕೂಲಿ ಹೋಗುವುದು ಅವರದ್ದು. "ಹೊಕ್ಕಿಗೆ (ಅಡ್ಡ ಎಳೆಗೆ) ಮಾತ್ರ ಕೊಡಿ, ನೋಡುವ" ಎಂದದ್ದಕ್ಕೆ ಮೊದಲು ಹಾಗೆಯೇ ಮಾಡಿದ್ದು. ಬಿಳಿ ಹಾಸಿನ ಮೇಲೆ ಕೆಂಪು ಹೊಕ್ಕು ಬಿದ್ದಾಗ ಬಂದ ತಿಳಿ ಬಣ್ಣಕ್ಕೆ ಈಗ ಬೇರೆಯೇ ಗಿರಾಕಿಗಳು. ಈ ನೂಲನ್ನೇ ಹಾಸಾಗಿ ಹಾಕುವಾಗ ಗಂಜಿ ಸ್ವಲ್ಪ ಹೆಚ್ಚು ಬೇಕು, ಗಂಜಿ ಕಾಯಿಸಿದ ಪಾತ್ರೆಯೂ ಕಬ್ಬಿಣದ್ದಾಗಬಾರದು. ಒಂದು ಹಂಡೆಯ ಬಣ್ಣ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಆರು ಸೀರೆಗೆ ಬೇಕಾದ ಮೂರು ಕಿಲೋ ಒಟ್ಟಿಗೇ ಮುಳುಗಿಸಿ. ಮಧ್ಯದಲ್ಲಿ ನೂಲು ಮುಗಿದರೆ ಎರಡು ಲಾಳಿ ಇಟ್ಟು ಹಳೆಯದೊಂದು ಎಳೆ, ಹೊಸದೊಂದು ಎಳೆ ಹೊಡೆಸಿದರೆ ಕಣ್ಣಿಗೆ ಬೀಳುವುದಿಲ್ಲ.

ಹಣದ ಲೆಕ್ಕ ಬಾಯಲೆಕ್ಕವೇ. ಒಂದು ಸೀರೆಗೆ ನೂಲು 280, ಚೊಗರು 250, ಪಟಿಕ ಸೋಡಾ ಸೌದೆ 70, ಹಾಸು ಹಾಕಿ ನೇಯ್ದದ್ದಕ್ಕೆ 1,100, ಹಾಳಾಗುವುದಕ್ಕೆಂದು ತೆಗೆದಿಡುವ 150. ಒಟ್ಟು 1,850. ಮಾರುವುದು 2,900ಕ್ಕೆ. ಅಂಗಡಿಯಲ್ಲಿ ಇಟ್ಟರೆ ನೂರಕ್ಕೆ ಮೂವತ್ತು ಅವರದ್ದು, ನಮಗೆ ಉಳಿಯುವುದು 180, ಅದೂ ಮೂರು ತಿಂಗಳು ಕಾಯ್ದ ಮೇಲೆ. ಬಣ್ಣ ಹಾಕಿದ ಕೂಲಿ ಇದರಲ್ಲಿ ಸೇರಿಲ್ಲ. ಹಾಗಾಗಿ ಅಂಗಡಿ ಬಿಟ್ಟಾಯಿತು. ಮಂಗಳೂರಿನ ಪ್ರದರ್ಶನಗಳಲ್ಲಿ, ಮಣಿಪಾಲದ ಮನೆಗಳಿಗೆ ನೇರ ಕೊಡುವುದು. ಹುಳಿ ತಾಗಿಸಬೇಡಿ, ಬಿಸಿಲಿಗೆ ಹರಡಬೇಡಿ, ಮೊದಲ ಎರಡು ಸಲ ಬೇರೆಯೇ ತೊಳೆಯಿರಿ ಎಂಬ ಚೀಟಿ ಇಟ್ಟ ಮೇಲೆ ದೂರು ಬಂದದ್ದು ಒಂದೋ ಎರಡೋ.

ನಿಜವಾದ ಲಾಭ ಉಳಿದ ಹಂಡೆಯಲ್ಲಿ. ಎರಡನೇ ಚೊಗರಿನ ನೀರು ಚೆಲ್ಲಬೇಡಿ. ಅದರಲ್ಲಿ ಇನ್ನೂ ಒಂದು ಕಿಲೋ ಶಾಲಿನ ನೂಲು ತಿಳಿ ಪೀಚ್ ಬಣ್ಣಕ್ಕೆ ಬರುತ್ತದೆ. ಆ ನೂಲಿನ ಅರ್ಧಕ್ಕೆ, ಕಿಲೋಗೆ 10 ಗ್ರಾಂ ಲೆಕ್ಕದಲ್ಲಿ ಅನ್ನಭೇದಿ ಹಾಕಿದರೆ, ಮೊದಲು ನಷ್ಟ ತಂದ ಅದೇ ಬೂದಿ ಬಣ್ಣ. ಬೂದಿ ಶಾಲು 650ಕ್ಕೆ ಹೋಗುತ್ತದೆ, ಮಣಿಪಾಲದ ಹುಡುಗಿಯರು ಕೆಂಪಿಗಿಂತ ಮೊದಲು ಕೇಳುವುದೇ ಅದನ್ನು. ಅನ್ನಭೇದಿ ಮುಟ್ಟಿದ ಕೋಲು, ಬಕೆಟ್, ಕೈಗವಸು ಬೇರೆ ಕೋಣೆಯಲ್ಲಿ ಇಡಿ. ಒಂದು ಹನಿ ತಾಗಿದರೂ ಮುಂದಿನ ಕೆಂಪು ಹಂಡೆ ಹೋಯಿತು.