ಮೊದಲು ಚಿತ್ರ, ಆಮೇಲೆ ಅರ್ಥ: ನಾನು ಟ್ಯಾರೋ ಓದುವ ಬಗೆ

ಟ್ಯಾರೋ ಅಂದರೆ 78 ಚಿತ್ರದ ಕಾರ್ಡ್‌ಗಳ ಒಂದು ಕಟ್ಟು. ಮನಸ್ಸಿನಲ್ಲೊಂದು ಪ್ರಶ್ನೆ ಇಟ್ಟುಕೊಂಡು ಕಾರ್ಡ್ ತೆಗೆದು, ಬಂದದ್ದನ್ನು ಓದುತ್ತಾರೆ. ಇದನ್ನು ಕಲಿಯಬೇಕು ಅಂತ ಹೊರಟವರು ಸಾಮಾನ್ಯವಾಗಿ ಅಷ್ಟೂ ಕಾರ್ಡ್‌ಗಳ ಅರ್ಥವನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಕಾರ್ಡ್ ನೆಟ್ಟಗೆ ಬಂದರೆ ಒಂದು ಅರ್ಥ, ತಲೆಕೆಳಗಾಗಿ ಬಂದರೆ ಇನ್ನೊಂದು. ಅಲ್ಲಿಗೆ 156 ಆಯಿತು. ಇಷ್ಟನ್ನೂ ತಲೆಯಲ್ಲಿ ತುಂಬಿಕೊಂಡರೆ ಎದುರಿಗಿರುವ ಕಾರ್ಡೇ ಕಣ್ಣಿಗೆ ಬೀಳುವುದಿಲ್ಲ. ನಾನು ಆ ದಾರಿ ಹಿಡಿಯಲಿಲ್ಲ. ಮೊದಲು ಚಿತ್ರ ನೋಡುತ್ತೇನೆ, ಪುಸ್ತಕ ಆಮೇಲೆ. ಈಗಲೂ ಹೀಗೇ ಓದುತ್ತೇನೆ.

ಇದಕ್ಕೆ ತಕ್ಕ ಕಾರ್ಡ್ ಕಟ್ಟು ಬೇಕು. ನನ್ನ ಹತ್ತಿರ ಇರುವುದು ರೈಡರ್ ವೇಟ್ ಸ್ಮಿತ್. 1909ರಲ್ಲಿ ಲಂಡನ್‌ನಲ್ಲಿ ಹೊರಬಂದದ್ದು. ಆರ್ಥರ್ ಎಡ್ವರ್ಡ್ ವೇಟ್ ಅದನ್ನು ಯೋಜಿಸಿದರು, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದರು. ಅದಕ್ಕಿಂತ ಹಳೆಯ ಮಾರ್ಸೇಲ್ ಬಗೆಯ ಕಟ್ಟಿನಲ್ಲಿ ಫೈವ್ ಆಫ್ ಕಪ್ಸ್ ಅಂದರೆ ಐದು ಕಪ್‌ಗಳ ಚಿತ್ರ, ಅಷ್ಟೇ. ಸ್ಮಿತ್ ಅಂಥ ಹೆಚ್ಚಿನ ಕಾರ್ಡ್‌ಗಳಿಗೆ ಮನುಷ್ಯರನ್ನು ತಂದರು, ಒಂದೊಂದು ಸನ್ನಿವೇಶ ಕಟ್ಟಿದರು. ಚಿತ್ರ ನೋಡಿಯೇ ಓದಲು ನನಗೆ ಸಾಧ್ಯವಾಗುತ್ತಿರುವುದು ಅವರ ಕೈಯಿಂದ.

ಶುರು ಮಾಡಲು ತಿಳಿದಿರಬೇಕಾದದ್ದು ಕಡಿಮೆ. 22 ಮೇಜರ್ ಕಾರ್ಡ್‌ಗಳು ಬದುಕಿನ ದೊಡ್ಡ ತಿರುವುಗಳು. ಉಳಿದ 56 ಮೈನರ್, ದಿನನಿತ್ಯದವು. ಅವುಗಳಲ್ಲಿ ನಾಲ್ಕು ಗುಂಪು. ವಾಂಡ್ಸ್, ಅಂದರೆ ಕೋಲುಗಳು, ಹುರುಪು, ಕೆಲಸ. ಕಪ್ಸ್ ಭಾವನೆ. ಸ್ವೋರ್ಡ್ಸ್, ಅಂದರೆ ಕತ್ತಿಗಳು, ಯೋಚನೆ, ಮಾತು, ಜಗಳ. ಪೆಂಟಕಲ್ಸ್, ಅಂದರೆ ನಾಣ್ಯದಂಥ ಬಿಲ್ಲೆಗಳು, ದುಡ್ಡು, ಮೈ, ಮನೆ. ಇಷ್ಟು ಸಾಕು.

ಇನ್ನು ನೋಡುವ ಕೆಲಸ. ಕಾರ್ಡ್ ತೆಗೆದ ತಕ್ಷಣ ನಾನು ಅರ್ಥ ಹೇಳುವುದಿಲ್ಲ. ಕಂಡದ್ದನ್ನು ಮಾತ್ರ ಬಾಯಿಬಿಟ್ಟು ಹೇಳುತ್ತೇನೆ. ಫೈವ್ ಆಫ್ ಕಪ್ಸ್ ಅಂತಿಟ್ಟುಕೊಳ್ಳಿ. ಕಪ್ಪು ನಿಲುವಂಗಿ ಹೊದ್ದವರೊಬ್ಬರು ತಲೆ ಬಗ್ಗಿಸಿ ನಿಂತಿದ್ದಾರೆ. ಮುಂದೆ ಮೂರು ಕಪ್ ಉರುಳಿ ಬಿದ್ದಿವೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ಆಚೆ ಹೊಳೆ, ಹೊಳೆಗೊಂದು ಸೇತುವೆ, ಅದರಾಚೆ ಒಂದು ಕಟ್ಟಡ. ಪುಸ್ತಕದಲ್ಲಿ ಈ ಕಾರ್ಡಿಗೆ ನಷ್ಟ, ದುಃಖ ಅಂತ ಇರುತ್ತದೆ. ಅದು ಸರಿಯೇ. ಆದರೆ ಒಬ್ಬರಿಗೆ ಮೊದಲು ಉರುಳಿದ ಕಪ್ ಕಾಣುತ್ತದೆ, ಇನ್ನೊಬ್ಬರಿಗೆ ಸೇತುವೆ ಕಾಣುತ್ತದೆ. ಯಾರಿಗೆ ಯಾವುದು ಮೊದಲು ಕಂಡಿತು ಅನ್ನುವುದರಿಂದಲೇ ನನ್ನ ಓದು ಶುರುವಾಗುವುದು.

ಒಮ್ಮೆ ಗೆಳತಿಯೊಬ್ಬಳು ಕೆಲಸ ಬಿಡಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದಳು. ಅವಳಿಗೆ ಬಂದದ್ದು ಏಟ್ ಆಫ್ ಸ್ವೋರ್ಡ್ಸ್. ಕಣ್ಣಿಗೆ ಪಟ್ಟಿ, ಮೈಗೆ ಕಟ್ಟು, ಸುತ್ತ ಎಂಟು ಕತ್ತಿ, ನಡುವೆ ಒಬ್ಬ ಹೆಂಗಸು. ನೋಡುತ್ತಲೇ ಅವಳ ಮುಖ ಸಪ್ಪಗಾಯಿತು. "ನೋಡಿದ್ಯಾ, ನನ್ನ ಕಥೆಯೇ ಇದು" ಅಂದಳು. ನಾನು ಏನೂ ವಿವರಿಸಲಿಲ್ಲ. "ಇನ್ನೂ ನೋಡು, ಏನೇನಿದೆ ಹೇಳು" ಅಂದೆ. ಕೆಳಗೆ ನೀರಿದೆ ಅಂದಳು. ಹಿಂದೆ ಬೆಟ್ಟದ ಮೇಲೆ ಕೋಟೆ ಇದೆ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲು ಕಟ್ಟಿಲ್ಲ ಅಲ್ವಾ ಇವಳಿಗೆ? ಮುಂದೆ ಕತ್ತಿಯೂ ಇಲ್ಲ" ಅಂದಳು. ಅದಾದ ಮೇಲೆ ನಾವು ಕೆಲಸದ ಬಗ್ಗೆಯೇ ತುಂಬಾ ಹೊತ್ತು ಮಾತಾಡಿದೆವು. ನಾನೇ ಬಾಯಿಪಾಠದಿಂದ "ನಿನ್ನನ್ನು ನೀನೇ ಕಟ್ಟಿಹಾಕಿಕೊಂಡಿದ್ದೀಯ" ಅಂದಿದ್ದರೆ ಅವಳು ಬೇಜಾರು ಮಾಡಿಕೊಂಡು ಎದ್ದು ಹೋಗುತ್ತಿದ್ದಳೇನೋ.

ಕಾರ್ಡಿಗಿಂತ ಜಾಸ್ತಿ ಹೊತ್ತು ನಾನು ಪ್ರಶ್ನೆಯ ಮೇಲೆ ಕಳೆಯುತ್ತೇನೆ. "ಈ ಕೆಲಸ ಸಿಗುತ್ತಾ?" ಅಂತ ಕೇಳಿದರೆ ಹೌದು, ಇಲ್ಲ ಎರಡೇ ಉತ್ತರ, ಅವೆರಡೂ ನನ್ನ ಹತ್ತಿರ ಇಲ್ಲ. ಅದನ್ನೇ "ಈ ಕೆಲಸದ ವಿಷಯದಲ್ಲಿ ನಾನು ಏನನ್ನು ಗಮನಿಸುತ್ತಿಲ್ಲ?" ಅಂತ ತಿರುಗಿಸಿದರೆ ಯಾವ ಕಾರ್ಡ್ ಬಂದರೂ ಮಾತಿಗೆ ದಾರಿ ಸಿಗುತ್ತದೆ. "ಅವನ ಮನಸ್ಸಿನಲ್ಲಿ ಏನಿದೆ?" ಅನ್ನುವ ಪ್ರಶ್ನೆ ನಾನು ತೆಗೆದುಕೊಳ್ಳುವುದೇ ಇಲ್ಲ. ಎದುರಿಗಿಲ್ಲದ ಮನುಷ್ಯನ ಬಗ್ಗೆ ಅವನ ಬೆನ್ನ ಹಿಂದೆ ಕಾರ್ಡ್ ಹರಡುವುದು ನನಗೆ ಸರಿ ಅನಿಸುವುದಿಲ್ಲ. ಕಾಯಿಲೆಯ ಪ್ರಶ್ನೆ ಡಾಕ್ಟರಿಗೆ, ಕೇಸಿನ ಪ್ರಶ್ನೆ ವಕೀಲರಿಗೆ. ಇದರಲ್ಲಿ ನಾನು ಯಾರಿಗೂ ಸಡಿಲ ಬಿಟ್ಟಿಲ್ಲ.

ನನಗೆ ಮೂರು ಕಾರ್ಡ್ ಸಾಕು. ಕೆಲ್ಟಿಕ್ ಕ್ರಾಸ್ ಅನ್ನುವ ಹತ್ತು ಕಾರ್ಡಿನ ಜೋಡಣೆಯನ್ನು ತುಂಬಾ ಜನ ಹಾಕುತ್ತಾರೆ, ಆದರೆ ಅಷ್ಟು ಚಿತ್ರಗಳನ್ನು ನಿಧಾನವಾಗಿ ನೋಡುವಷ್ಟರಲ್ಲಿ ಎದುರಿಗಿದ್ದವರಿಗೆ ದಣಿವಾಗುತ್ತದೆ. ನನ್ನ ಮೂರು ಜಾಗ ಹೀಗೆ: ಈಗ ಏನಿದೆ, ಯಾವುದು ಹಿಡಿದು ನಿಲ್ಲಿಸಿದೆ, ನನ್ನ ಕೈಲಿ ಏನಾಗುತ್ತದೆ. ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ಯಾರು ಯಾವ ಕಡೆ ಮುಖ ಮಾಡಿದ್ದಾರೆ ಅಂತ ನೋಡುತ್ತೇನೆ. ಇಬ್ಬರು ಎದುರುಬದುರಾಗಿದ್ದಾರಾ, ಬೆನ್ನು ತಿರುಗಿಸಿದ್ದಾರಾ? ಸಿಕ್ಸ್ ಆಫ್ ಸ್ವೋರ್ಡ್ಸ್‌ನಲ್ಲಿ ದೋಣಿಯಲ್ಲಿ ಹೋಗುವವರ ಬೆನ್ನು ಮಾತ್ರ ಕಾಣುತ್ತದೆ. ಒಂದು ಬದಿಯ ನೀರಲ್ಲಿ ಅಲೆ, ಇನ್ನೊಂದು ಬದಿ ಶಾಂತ. ಕತ್ತಿಗಳು ದಡದಲ್ಲಿ ಉಳಿದಿಲ್ಲ, ದೋಣಿಯಲ್ಲೇ ಇವೆ. ಊರು ಬಿಟ್ಟು ಹೋಗುವ ಯೋಚನೆಯಲ್ಲಿರುವವರಿಗೆ ಇದು ಬಂದರೆ, ಆ ಕತ್ತಿಗಳನ್ನು ಬೆರಳಿಟ್ಟು ತೋರಿಸಿ, ಜೊತೆಗೆ ಏನೇನು ಹೊತ್ತೊಯ್ಯುತ್ತಿದ್ದೀರಿ ಅಂತ ಕೇಳುತ್ತೇನೆ.

ತಲೆಕೆಳಗಾದ ಕಾರ್ಡ್ ನಾನು ಓದುವುದಿಲ್ಲ, ನೆಟ್ಟಗೆ ತಿರುಗಿಸಿಬಿಡುತ್ತೇನೆ. ಚಿತ್ರವೇ ಮುಖ್ಯ ಅಂದಮೇಲೆ ಅದನ್ನು ಉಲ್ಟಾ ಹಿಡಿದು ನೋಡುವುದು ಹೇಗೆ? ಕತ್ತಲು ಬೆಳಕು ಎರಡೂ 78 ಕಾರ್ಡ್‌ಗಳಲ್ಲಿ ಬೇಕಾದಷ್ಟಿವೆ.

ಡೆತ್ ಕಾರ್ಡ್ ಬಂದಾಗ ಮಾತ್ರ ನಾನೇ ಮೊದಲು ಮಾತಾಡುತ್ತೇನೆ, ಇದು ಸಾವಿನ ಸುದ್ದಿ ಅಲ್ಲ ಅಂತ. ಹೆದರಿದ ಕಣ್ಣಿಗೆ ಅಸ್ಥಿಪಂಜರ ಬಿಟ್ಟು ಬೇರೇನೂ ಕಾಣುವುದಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ಬಾವುಟದ ಮೇಲಿನ ಬಿಳಿ ಗುಲಾಬಿ ಕಾಣುತ್ತದೆ, ಹಿಂದೆ ಎರಡು ಗೋಪುರಗಳ ನಡುವಿನ ಸೂರ್ಯ ಕಾಣುತ್ತಾನೆ.

ಟ್ಯಾರೋ ಈಜಿಪ್ಟಿನ ಪುರಾತನ ವಿದ್ಯೆ ಅಂತ ಈಗಲೂ ಹೇಳುವವರಿದ್ದಾರೆ. ಅದು 1781ರಲ್ಲಿ ಕೂರ್ ದ ಜೆಬಲಾಂ ಎಂಬ ಫ್ರೆಂಚ್ ಲೇಖಕ ಹಬ್ಬಿಸಿದ ಮಾತು. ಈ ಕಾರ್ಡ್‌ಗಳು ಹುಟ್ಟಿದ್ದು 15ನೇ ಶತಮಾನದಲ್ಲಿ, ಇಟಲಿಯ ಉತ್ತರ ಭಾಗದಲ್ಲಿ, ಇಸ್ಪೀಟಿನ ಹಾಗೆ ಆಡುವುದಕ್ಕೆ. ನನ್ನ ಹತ್ತಿರ ಓದಿಸಿಕೊಳ್ಳುವವರಿಗೆ ನಾನು ಇದನ್ನು ಮೊದಲೇ ಹೇಳುತ್ತೇನೆ. ಕಲೆಸಿದ ಕಾರ್ಡಿಗೆ ನಾಳೆ ಏನಾಗುತ್ತದೆ ಅಂತ ಗೊತ್ತಿಲ್ಲ. ಆದರೆ ನಾವಾಗಿ ಆರಿಸಿಕೊಳ್ಳದ ಚಿತ್ರವೊಂದು ಎದುರಿಗೆ ಬಂದಾಗ, ನಾವಾಗಿ ಯೋಚಿಸದ ಕಡೆಯಿಂದ ನಮ್ಮ ವಿಷಯವನ್ನೇ ನೋಡಬೇಕಾಗುತ್ತದೆ. ಇದನ್ನು ನಾನು ಮನಸಾರೆ ನಂಬುತ್ತೇನೆ.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಪ್ರಶ್ನೆ, ಬಂದ ಕಾರ್ಡ್, ನೋಡಿದ ತಕ್ಷಣ ಬಾಯಿಗೆ ಬಂದ ಮೊದಲ ವಾಕ್ಯ. ಒಂದೇ ಪ್ರಶ್ನೆಗೆ ಎರಡನೇ ಸಲ ಕಾರ್ಡ್ ತೆಗೆಯುವುದಿಲ್ಲ. ಇಷ್ಟವಾದದ್ದು ಬರುವ ತನಕ ತೆಗೆಯುತ್ತಾ ಹೋದರೆ ನೋಡುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಹೊಸಬರಿಗೆ ತೊಡಕಾಗುವುದು 16 ಕೋರ್ಟ್ ಕಾರ್ಡ್‌ಗಳು: ಪೇಜ್, ನೈಟ್, ಕ್ವೀನ್, ಕಿಂಗ್. ಇವುಗಳಲ್ಲಿ ಕಥೆ ಕಡಿಮೆ, ಒಬ್ಬೊಬ್ಬರೇ ಕೂತೋ ನಿಂತೋ ಕುದುರೆಯ ಮೇಲೋ ಇರುತ್ತಾರೆ. ಕ್ವೀನ್ ಬಂದರೆ ಅತ್ತೆಯೋ ಮೇಲಧಿಕಾರಿಯೋ ಅಂತ ಹುಡುಕುವವರುಂಟು. ನಾನು ಹಾಗೆ ಹುಡುಕುವುದಿಲ್ಲ, ಅವರು ಕೂತಿರುವ ಭಂಗಿ ನೋಡುತ್ತೇನೆ. ಕ್ವೀನ್ ಆಫ್ ಸ್ವೋರ್ಡ್ಸ್ ಒಂದು ಕೈಯಲ್ಲಿ ಕತ್ತಿಯನ್ನು ನೆಟ್ಟಗೆ ಹಿಡಿದಿದ್ದಾಳೆ, ಇನ್ನೊಂದು ಕೈಯನ್ನು ಮುಂದೆ ಚಾಚಿದ್ದಾಳೆ. ಎದುರಿಗಿರುವವರಿಗೂ ಹಾಗೇ ಕೂತು ನೋಡಲು ಹೇಳುತ್ತೇನೆ. ಬೆನ್ನು ನೆಟ್ಟಗೆ, ಒಂದು ಕೈ ಮೇಲೆ, ಇನ್ನೊಂದು ಚಾಚಿ. ಹಾಗೆ ಕೂತಿರುವಾಗಲೇ ಕೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲಿರುವ ಮನುಷ್ಯನಿಗೆ ಈಗ ಏನು ಹೇಳುತ್ತೀರಿ ಅಂತ. ಉತ್ತರ ಹೆಚ್ಚಾಗಿ ಒಂದೇ ವಾಕ್ಯದಲ್ಲಿ ಬರುತ್ತದೆ. ಅದನ್ನು ಅವರ ಮಾತಿನಲ್ಲೇ ಬರೆದು ಕೈಗೆ ಕೊಟ್ಟು, ಕಾರ್ಡ್ ಎತ್ತಿಡುತ್ತೇನೆ.