ತಾಮ್ರದ ಪಟ್ಟಿಯಿಂದ ವಾಟರ್ ಬ್ಲಾಕ್: ಕೊರೆಯುವುದು, ಮುಚ್ಚುವುದು, ಅಳೆಯುವುದು

ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂತು, ಅದರ ಬಿಸಿಯನ್ನು ಹರಿಯುವ ನೀರಿಗೆ ದಾಟಿಸುವ ತಾಮ್ರದ ಗಟ್ಟಿಯೇ ವಾಟರ್ ಬ್ಲಾಕ್. ಒಂದು ಮಿಲ್ಲಿಂಗ್ ಮಶೀನ್ (ಲೋಹವನ್ನು ಕೊರೆದು ಆಕಾರ ಕೊಡುವ ಯಂತ್ರ) ಬಳಸಲು ಸಿಕ್ಕರೆ ಇದನ್ನು ನಾವೇ ಮಾಡಿಕೊಳ್ಳಬಹುದು. ಆದರೆ ಬ್ಲಾಕ್ ಕೊರೆದು ಮುಗಿದಾಗ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಅದು ಸೋರುವುದಿಲ್ಲ, ಬಿಸಿಯನ್ನು ಸರಿಯಾಗಿ ಎಳೆಯುತ್ತದೆ ಎಂದು ಅಳೆದು ನೋಡುವ ತನಕ ಅದನ್ನು ಮದರ್‌ಬೋರ್ಡಿನ ಹತ್ತಿರ ತರಬಾರದು.

ತಾಮ್ರಕ್ಕಾಗಿ ಬಹಳ ಅಲೆಯಬೇಕಿಲ್ಲ. ಕರೆಂಟ್ ಪ್ಯಾನೆಲ್‌ಗಳಿಗೆ ಹಾಕುವ ಬಸ್ ಬಾರ್ ಪಟ್ಟಿ ಒಳ್ಳೆಯ ಶುದ್ಧ ತಾಮ್ರ, ತೂಕದ ಲೆಕ್ಕದಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯ ಸುತ್ತ ಹುಡುಕಿ. 6 ಮಿ.ಮೀ ದಪ್ಪದ, 60×60 ಮಿ.ಮೀ ತುಂಡು ಬೇಕು. ಅದರ ತೂಕ ಸುಮಾರು 193 ಗ್ರಾಂ ಇರಬೇಕು. ಹಿತ್ತಾಳೆಯಲ್ಲಿ ಬಿಸಿ ಸಾಗುವ ವೇಗ ತಾಮ್ರದ ಮೂರನೇ ಒಂದು ಪಾಲಿಗಿಂತ ಹೆಚ್ಚಿಲ್ಲ, ಅದು ಬೇಡ. ಅಲ್ಯೂಮಿನಿಯಂ ಮಾತ್ರ ಯಾವ ಕಾರಣಕ್ಕೂ ನೀರಿನ ದಾರಿಯಲ್ಲಿ ಇರಬಾರದು. ತಾಮ್ರ, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಸಿಯಾದ ನೀರನ್ನು ತಣಿಸಲು ಕಾರಿನ ರೇಡಿಯೇಟರ್ ಬಳಸುವುದಾದರೆ ಎಚ್ಚರ, ಈಗಿನವು ಬಹುಪಾಲು ಅಲ್ಯೂಮಿನಿಯಂನವು. ಗುಜರಿಯಿಂದ ತರುವ ಮುನ್ನ ಒಂದು ಮೂಲೆಯನ್ನು ಅರದಿಂದ ಉಜ್ಜಿ ಲೋಹ ಯಾವುದೆಂದು ನೋಡಿಕೊಳ್ಳಿ.

ಇದರ ಜತೆಗೆ ಬೇಕಾದವು: 15 ಮಿ.ಮೀ ದಪ್ಪದ ಎರಕದ ಅಕ್ರಿಲಿಕ್ ತುಂಡು (ಅದೂ 60×60), ಒಳವ್ಯಾಸ 50 ಮಿ.ಮೀ, ದಪ್ಪ 2 ಮಿ.ಮೀ ಇರುವ ನೈಟ್ರೈಲ್ ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ), 16 ಮಿ.ಮೀ ಉದ್ದದ ಆರು ಎಂ3 (3 ಮಿ.ಮೀ ವ್ಯಾಸದ) ಸ್ಟೇನ್‌ಲೆಸ್ ಸ್ಕ್ರೂ ಮತ್ತು ವಾಷರ್, ನೀರಿನ ಪೈಪ್ ಸೇರಿಸಲು ಜಿ 1/4 ಅಳತೆಯ ಎರಡು ಹಿತ್ತಾಳೆ ಫಿಟ್ಟಿಂಗ್.

ಫಿನ್ ಕೊರೆಯುವುದು

ನೀರಿಗೆ ತಾಗುವ ತಾಮ್ರದ ಮೈ ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು, ಕಾಲುವೆ ಎಷ್ಟು ಕಿರಿದೋ ಅಷ್ಟು ಒಳ್ಳೆಯದು. 1981ರಲ್ಲಿ ಸ್ಟ್ಯಾನ್‌ಫರ್ಡಿನ ಟಕರ್‌ಮನ್ ಮತ್ತು ಪೀಸ್ ಸಿಲಿಕಾನಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆದು, ಒಂದು ಚದರ ಸೆಂಟಿಮೀಟರಿನಿಂದ 790 ವಾಟ್ ಬಿಸಿಯನ್ನು ನೀರಿಗೆ ದಾಟಿಸಿ ತೋರಿಸಿದ್ದರು. ನಮಗೆ ಅಷ್ಟು ಸಣ್ಣದು ಬೇಡ. 1 ಮಿ.ಮೀ ಕಾಲುವೆ ಸಾಕು, ಅದನ್ನು 1 ಮಿ.ಮೀ ದಪ್ಪದ ಸ್ಲಿಟ್ಟಿಂಗ್ ಸಾ ಹಾಕಿ ಕೊರೆಯಬಹುದು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಸ್ಲಿಟ್ಟಿಂಗ್ ಸಾ ದುಂಡಗಿನ ಬ್ಲೇಡು. 63 ಮಿ.ಮೀ ವ್ಯಾಸದ ಬ್ಲೇಡು 3 ಮಿ.ಮೀ ಆಳಕ್ಕೆ ಇಳಿಯಬೇಕಾದರೆ ಎರಡೂ ತುದಿಯಲ್ಲಿ ಸುಮಾರು 13 ಮಿ.ಮೀ ಇಳಿಜಾರು ಬಿಡುತ್ತದೆ. ಸಪಾಟು ತಟ್ಟೆಯ ನಡುವೆ 30 ಮಿ.ಮೀ ಕಾಲುವೆ ಬೇಕೆಂದು ಬ್ಲೇಡು ಇಳಿಸಿದರೆ ಅದು ಮೇಲ್ಮೈಯಲ್ಲಿ 56 ಮಿ.ಮೀ ಉದ್ದವಾಗಿ, ಓ-ರಿಂಗ್ ಕೂರುವ ಜಾಗವನ್ನೇ ಸೀಳಿಬಿಡುತ್ತದೆ. ಆದ್ದರಿಂದ ಮೊದಲು ಎಂಡ್ ಮಿಲ್‌ನಿಂದ (ನೆಟ್ಟಗೆ ನಿಂತು ತಿರುಗಿ ಕೊರೆಯುವ ಅಲಗು) ತಟ್ಟೆಯ ಸುತ್ತಲಿನ ತಾಮ್ರವನ್ನು 3 ಮಿ.ಮೀ ತೆಗೆಯಿರಿ. ನಡುವೆ 29 ಮಿ.ಮೀ ಅಗಲ, 30 ಮಿ.ಮೀ ಉದ್ದದ ದಿಬ್ಬವೊಂದು ನಿಲ್ಲಲಿ. ಆಮೇಲೆ ಈ ದಿಬ್ಬದ ಮೇಲೆ ಬ್ಲೇಡನ್ನು ಈ ತುದಿಯಿಂದ ಆ ತುದಿಗೆ ಓಡಿಸಿ. ಆಳ 2.9 ಮಿ.ಮೀ ಮೀರಬಾರದು, ಹಾಗಿದ್ದರೆ ಸುತ್ತಲಿನ ಸಪಾಟು ಜಾಗಕ್ಕೆ ಗೀರು ಬೀಳುವುದಿಲ್ಲ. 2 ಮಿ.ಮೀಗೆ ಒಂದರಂತೆ 14 ಕಾಲುವೆ ಕೊರೆದರೆ 15 ಫಿನ್, ಎಂದರೆ ತಾಮ್ರದ ತೆಳು ಗೋಡೆಗಳು, ಉಳಿಯುತ್ತವೆ. 870 ಚದರ ಮಿ.ಮೀ ಇದ್ದ ಮೈ ಸುಮಾರು ನಾಲ್ಕು ಪಟ್ಟಾಗುತ್ತದೆ.

ತಾಮ್ರ ಅಂಟುವ ಲೋಹ. ಪುಡಿ ಬ್ಲೇಡಿನ ಹಲ್ಲಿಗೆ ಮೆತ್ತಿಕೊಂಡರೆ ಫಿನ್ ಬಾಗುತ್ತದೆ. 150–200 ಆರ್‌ಪಿಎಂ ವೇಗ ಇಟ್ಟು, ಕಟಿಂಗ್ ಆಯಿಲ್ ಧಾರಾಳವಾಗಿ ಬಿಟ್ಟು, ಒಂದೊಂದು ಕಾಲುವೆಯನ್ನೂ ಎರಡು ಮೂರು ಸಲಕ್ಕೆ ಇಳಿಸಿ. ಅಂಚಿನ ಬರ್‌ಗಳನ್ನು (ಕೊರೆದಾಗ ಅಂಟಿ ಉಳಿಯುವ ಚೂಪು ಎಳೆಗಳು) ಹಳೆಯ ಟೂತ್‌ಬ್ರಷ್ ಮತ್ತು ತೆಳು ಬ್ಲೇಡಿನಿಂದ ತೆಗೆಯಿರಿ. ಉಳಿದ ಒಂದು ಬರ್ ಮುಂದೆ ಕಿತ್ತು ಬಂದು ಪಂಪಿನೊಳಗೆ ಸಿಕ್ಕಿಕೊಳ್ಳುತ್ತದೆ.

ಮುಚ್ಚಳ

ಅಕ್ರಿಲಿಕ್‌ನಲ್ಲಿ 29.4 ಮಿ.ಮೀ ಅಗಲ, 42 ಮಿ.ಮೀ ಉದ್ದದ ಗುಂಡಿ ಕೊರೆಯಬೇಕು. ಫಿನ್‌ಗಳ ಎರಡೂ ತುದಿಯಲ್ಲಿ 6 ಮಿ.ಮೀ ಜಾಗ ಉಳಿಯುತ್ತದೆ, ನೀರು ಬರುವುದು ಹೋಗುವುದು ಅಲ್ಲಿಂದ. ಗುಂಡಿಯ ಆಳ 3.05 ಮಿ.ಮೀ. ಈ ಅಳತೆಯಲ್ಲಿ ರಾಜಿ ಬೇಡ. ಆಳ ಅರ್ಧ ಮಿ.ಮೀ ಹೆಚ್ಚಾದರೆ ನೀರು ಕಾಲುವೆಗೆ ಇಳಿಯದೆ ಫಿನ್‌ಗಳ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಕಡಿಮೆಯಾದರೆ ಮುಚ್ಚಳ ಫಿನ್ ಮೇಲೆ ಕೂತು ಓ-ರಿಂಗ್ ಒತ್ತುವುದೇ ಇಲ್ಲ.

ಗುಂಡಿಯ ಸುತ್ತ 2.5 ಮಿ.ಮೀ ಗೋಡೆ ಬಿಟ್ಟು ಓ-ರಿಂಗ್‌ಗೆ ಗ್ರೂವ್: ಅಗಲ 2.7, ಆಳ 1.5 ಮಿ.ಮೀ. 2 ಮಿ.ಮೀ ರಿಂಗ್ ಕಾಲು ಭಾಗದಷ್ಟು ಅದುಮಿ ಕೂರುತ್ತದೆ. ಮೂಲೆಗಳನ್ನು ದುಂಡಾಗಿಸಿ. ಫಿನ್ ಓಡುವ ದಿಕ್ಕಿನ ಎರಡು ಅಂಚುಗಳಲ್ಲಿ, ಅಂಚಿನಿಂದ 5 ಮಿ.ಮೀ ಒಳಗೆ ಮೂರು ಮೂರು ಸ್ಕ್ರೂ. ಮುಚ್ಚಳದಲ್ಲಿ 3.2 ಮಿ.ಮೀ ತೂತು ಮತ್ತು ಸ್ಕ್ರೂ ತಲೆ ಕೂರಲು 2 ಮಿ.ಮೀ ಕುಳಿ. ತಾಮ್ರದಲ್ಲಿ 2.5 ಮಿ.ಮೀ ಕೊರೆದು ಎಂ3 ಟ್ಯಾಪ್ (ತೂತಿನೊಳಗೆ ಸ್ಕ್ರೂವಿನ ಮರೆ, ಎಂದರೆ ಥ್ರೆಡ್, ಕೊರೆಯುವ ಸಲಕರಣೆ) ಹಾಕಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಟ್ಯಾಪ್ ಮುರಿದು ತಾಮ್ರದಲ್ಲೇ ಉಳಿಯುತ್ತದೆ.

ನೀರಿನ ಬಾಯಿಗಳಿಗೆ ಮೇಲಿನಿಂದ 11.8 ಮಿ.ಮೀ ಡ್ರಿಲ್ಲಿನಲ್ಲಿ 10 ಮಿ.ಮೀ ಆಳ ಕೊರೆದು ಜಿ 1/4 ಟ್ಯಾಪ್ ಹಾಕಿ, ಕೆಳಗಿನಿಂದ 5×11 ಮಿ.ಮೀ ಸೀಳು ಮಾಡಿ ಕೂಡಿಸಿ. ಎರಡು ಬಾಯಿಗಳ ನಡುವೆ 36 ಮಿ.ಮೀ ಅಂತರ. ಪ್ಲಂಬಿಂಗ್ ಅಂಗಡಿಯ ಫಿಟ್ಟಿಂಗ್ ತಂದು ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಬೇಡಿ. ಆ ಮರೆ ತುದಿಗೆ ಸಣ್ಣಗಾಗುತ್ತಾ ಹೋಗುವಂಥದ್ದು, ಬೆಣೆಯಂತೆ ಒತ್ತಿ ಅಕ್ರಿಲಿಕ್ ಸೀಳುತ್ತದೆ. ಜಿ 1/4 ಫಿಟ್ಟಿಂಗಿನ ಬುಡದಲ್ಲೇ ಓ-ರಿಂಗ್ ಇರುತ್ತದೆ, ಕೈಯಿಂದ ಬಿಗಿ ಮಾಡಿದರೆ ಸಾಕು. ಅಕ್ರಿಲಿಕ್ ತೊಳೆಯಲು ಪಾತ್ರೆ ತೊಳೆಯುವ ಸೋಪಿನ ನೀರು ಬಳಸಿ. ಸ್ಪಿರಿಟ್ ತಾಗಿದರೆ ಮರೆಗಳ ಸುತ್ತ ಕೂದಲೆಳೆಯಂಥ ಬಿರುಕು ಏಳುತ್ತದೆ, ವಾರಗಳ ನಂತರ ಅಲ್ಲಿಂದಲೇ ಸೋರುತ್ತದೆ.

ತಳ ಉಜ್ಜುವುದು

ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಎಂಟರ ಆಕಾರದಲ್ಲಿ ಉಜ್ಜಿ: ಮೊದಲು 400 ನಂಬರಿನ ಕಾಗದ, ಆಮೇಲೆ 600, 800, 1000. ತಳಕ್ಕೆ ಮಾರ್ಕರ್‌ನಿಂದ ಅಡ್ಡ ಉದ್ದ ಗೆರೆ ಎಳೆದುಕೊಂಡರೆ ಎಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ, ತಗ್ಗಿನ ಗೆರೆ ಅಳಿಸುವುದಿಲ್ಲ. ಹೊಳಪಿಗಿಂತ ಸಪಾಟು ಮುಖ್ಯ. 30×30 ಮಿ.ಮೀ ಜಾಗದಲ್ಲಿ 100 ವಾಟ್ ಹರಿದರೆ 3 ಮಿ.ಮೀ ತಾಮ್ರ ದಾಟಲು ಒಂದು ಡಿಗ್ರಿಯೂ ಬೇಕಿಲ್ಲ. ಆದರೆ ತಳಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಸಾಧಾರಣ ಥರ್ಮಲ್ ಪೇಸ್ಟ್ 0.1 ಮಿ.ಮೀ ದಪ್ಪ ನಿಂತರೂ ಎರಡು ಡಿಗ್ರಿ ಅಲ್ಲೇ ಹೋಗುತ್ತದೆ.

ಸೋರಿಕೆ ಪರೀಕ್ಷೆ

ಮೊದಲು ಗಾಳಿ. ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗೇಜ್ ಇರುವ ಸೈಕಲ್ ಪಂಪ್ ಜೋಡಿಸಿ 0.5 ಬಾರ್, ಎಂದರೆ ಸುಮಾರು 7 ಪಿಎಸ್‌ಐ ತುಂಬಿ. ಅದಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆ ಮುಳ್ಳು ಕದಲದಿದ್ದರೆ ಸರಿ. ಇಳಿದರೆ ಬ್ಲಾಕನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲೇ ದೋಷ. ಸಾಮಾನ್ಯವಾಗಿ ಗ್ರೂವ್‌ನಲ್ಲಿ ಉಳಿದ ಅಕ್ರಿಲಿಕ್ ಪುಡಿ, ಇಲ್ಲವೇ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯದೆ ಒಂದು ಬದಿಯಿಂದ ಬಿಗಿದದ್ದು.

ಆಮೇಲೆ ನೀರು. ಪಂಪ್, ರೇಡಿಯೇಟರ್, ಬ್ಲಾಕ್ ಮೂರನ್ನೂ ಮೇಜಿನ ಮೇಲೆ ಜೋಡಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು 24 ಗಂಟೆ ಓಡಿಸಿ. ಬೋರ್‌ವೆಲ್ ನೀರು ಪರೀಕ್ಷೆಗೂ ಬೇಡ, 1 ಮಿ.ಮೀ ಕಾಲುವೆಯಲ್ಲಿ ಸುಣ್ಣ ಕಟ್ಟಿದರೆ ಮತ್ತೆ ಬಿಚ್ಚಬೇಕಾಗುತ್ತದೆ.

ಬಿಸಿಯ ಪರೀಕ್ಷೆ

ಪ್ರೊಸೆಸರ್ ಬದಲು ನಕಲಿ ಒಂದನ್ನು ಮಾಡಿಕೊಳ್ಳುವುದು ಲೇಸು. 30 ಮಿ.ಮೀ ತಾಮ್ರದ ಘನಕ್ಕೆ 6 ಮಿ.ಮೀ ತೂತು ಮೂರು ಕೊರೆದು, 3ಡಿ ಪ್ರಿಂಟರಿನ 12 ವೋಲ್ಟ್, 40 ವಾಟ್ ಹೀಟರ್ ಕಾರ್ಟ್ರಿಜ್‌ಗಳನ್ನು ತೂರಿಸಿ. ಮೇಲ್ಮೈಗಿಂತ 3 ಮಿ.ಮೀ ಕೆಳಗೆ 1.5 ಮಿ.ಮೀ ತೂತು ನಡುವಿನ ತನಕ ಕೊರೆದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಡಿ. ಸುತ್ತ ಗ್ಲಾಸ್ ವುಲ್ ಸುತ್ತಿ, ಇಲ್ಲವಾದರೆ ಬಿಸಿಯ ಒಂದು ಪಾಲು ಗಾಳಿಗೆ ಹೋಗಿ ಬ್ಲಾಕ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಪಂಪ್ ನಿಂತರೆ ಈ ಘನ ನಿಮಿಷಕ್ಕೆ 40 ಡಿಗ್ರಿಗೂ ಹೆಚ್ಚು ಏರಬಲ್ಲದು. 85 ಡಿಗ್ರಿಗೆ ಕರೆಂಟ್ ಕಡಿಯುವ ಥರ್ಮೋಸ್ಟ್ಯಾಟ್ ಸ್ವಿಚ್ ಇಲ್ಲದೆ ಹೀಟರ್ ಹಚ್ಚಲೇಬೇಡಿ, ಹಚ್ಚಿ ಎದ್ದು ಹೋಗಲೂಬೇಡಿ.

ಹರಿವನ್ನು ಮೊದಲು ಅಳೆಯಿರಿ: ವಾಪಸ್ ಬರುವ ಪೈಪನ್ನು ಅಳತೆಯ ಜಗ್ಗಿಗೆ ಬಿಟ್ಟು ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. ಪೈಪಿನ ತುದಿ ಪ್ರತಿ ಸಲವೂ ಒಂದೇ ಎತ್ತರದಲ್ಲಿರಲಿ. ನಿಮಿಷಕ್ಕೆ ಒಂದು ಲೀಟರಾದರೂ ಬರಬೇಕು. ಅಷ್ಟು ಹರಿವಿನಲ್ಲಿ 100 ವಾಟ್ ಬಿಸಿ ನೀರನ್ನು ಏರಿಸುವುದು ಕೇವಲ 1.4 ಡಿಗ್ರಿ. ಹಾಗಾಗಿ ಒಳಬರುವ, ಹೊರಹೋಗುವ ನೀರಿನ ವ್ಯತ್ಯಾಸ ನೋಡಿ ಬ್ಲಾಕಿನ ಗುಣ ಹೇಳಲಾಗದು.

ನೋಡಬೇಕಾದ್ದು ಘನದ ಬಿಸಿಗೂ ನೀರಿನ ಬಿಸಿಗೂ ಇರುವ ಅಂತರ. ಅದನ್ನು ವಾಟ್‌ನಿಂದ ಭಾಗಿಸಿ. ಹೀಟರಿಗೆ 12 ವೋಲ್ಟ್, 9.2 ಆಂಪಿಯರ್ ಹೋಗುತ್ತಿದೆ ಎನ್ನಿ, ಅದು 110 ವಾಟ್. ಘನ 47.5, ನೀರು 31 ಡಿಗ್ರಿ ಇದ್ದರೆ ಅಂತರ 16.5, ಭಾಗಿಸಿದರೆ ವಾಟ್‌ಗೆ 0.15 ಡಿಗ್ರಿ. ಬ್ಲಾಕಿನ ಜಾತಕ ಈ ಅಂಕಿ. ಕಲಬುರಗಿಯ ಮೇ ತಿಂಗಳಲ್ಲಿ ಅಳೆದರೂ ಬೆಂಗಳೂರಿನ ಡಿಸೆಂಬರಿನಲ್ಲಿ ಅಳೆದರೂ ಹೆಚ್ಚು ಕಡಿಮೆ ಅದೇ ಬರುತ್ತದೆ. ಬರಿಯ 47.5 ಡಿಗ್ರಿ ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಒಂದೇ ಸಲದ ಅಳತೆಯನ್ನು ನಂಬಬೇಡಿ. ಪೇಸ್ಟ್ ಒರೆಸಿ, ಹೊಸದಾಗಿ ಹಚ್ಚಿ, ಬ್ಲಾಕನ್ನು ಮೂರು ಸಲ ಕೂರಿಸಿ ಅಳೆಯಿರಿ. ಪ್ರತಿ ಸಲವೂ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಮೂರರ ನಡುವೆಯೇ ಎರಡು ಡಿಗ್ರಿ ಹೆಚ್ಚು ಕಡಿಮೆ ಇದ್ದರೆ, ಹೊಸ ವಿನ್ಯಾಸದಿಂದ ಒಂದು ಡಿಗ್ರಿ ಉಳಿಯಿತು ಎನ್ನಲು ಆಧಾರವಿಲ್ಲ. ಹಾಗಾದಾಗ ಪೇಸ್ಟಿನ ಗುರುತು ನೋಡಿ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗಿದ್ದರೆ ಬ್ಲಾಕನ್ನು ಅದುಮಿ ಹಿಡಿಯುವ ಸ್ಪ್ರಿಂಗ್‌ಗಳ ಒತ್ತಡ ಸಮವಾಗಿಲ್ಲ. ನಡುವೆ ದಪ್ಪ ಉಳಿದಿದ್ದರೆ ತಳ ತಗ್ಗಾಗಿದೆ, ಮತ್ತೆ ಗಾಜಿನ ಮೇಲೆ ಉಜ್ಜಬೇಕು.

ಕಂಪ್ಯೂಟರಿಗೆ ಹಾಕುವಾಗ ಮೊದಲು 60×60 ಮಿ.ಮೀ ರಟ್ಟು ಕತ್ತರಿಸಿ ಪ್ರೊಸೆಸರ್ ಮೇಲಿಟ್ಟು, ಅಕ್ಕಪಕ್ಕದ ಕೆಪ್ಯಾಸಿಟರ್‌ಗಳಿಗೆ ತಾಗುವುದಿಲ್ಲವೆಂದು ನೋಡಿಕೊಳ್ಳಿ. ಬ್ಲಾಕನ್ನು ಅದುಮಿ ಹಿಡಿಯುವ ಪಟ್ಟಿಗೆ 3 ಮಿ.ಮೀ ಅಲ್ಯೂಮಿನಿಯಂ ನಡೆಯುತ್ತದೆ, ಅದಕ್ಕೆ ನೀರು ತಾಗುವುದಿಲ್ಲ. ಈ ಪಟ್ಟಿಯ ತೂತುಗಳ ಅಂತರ ಪ್ರೊಸೆಸರ್ ಕೂರುವ ಸಾಕೆಟ್ ಮೇಲೆ ನಿಂತಿದೆ: ಇಂಟೆಲ್ ಎಲ್‌ಜಿಎ 1151, 1200ಕ್ಕೆ 75 ಮಿ.ಮೀ ಚೌಕ, 1700ಕ್ಕೆ 78 ಮಿ.ಮೀ ಚೌಕ, ಎಎಂಡಿಯ ಎಎಂ4ಕ್ಕೆ 90×54 ಮಿ.ಮೀ. ನೀರು ಹೊರಹೋಗುವ ಬಾಯಿ ಮೇಲ್ಗಡೆ ಬರುವಂತೆ ಕೂರಿಸಿದರೆ ಗಾಳಿಗುಳ್ಳೆ ಫಿನ್‌ಗಳ ನಡುವೆ ನಿಲ್ಲದೆ ಹೊರಟುಹೋಗುತ್ತದೆ. ಅಕ್ರಿಲಿಕ್ ಮುಚ್ಚಳದ ಮೂಲಕ ಇದನ್ನು ಕಣ್ಣಾರೆ ನೋಡಬಹುದು. ಕಾಲುವೆಗಳ ಬಾಯಲ್ಲಿ ನಾರಿನಂಥದ್ದೋ ಲೋಳೆಯಂಥದ್ದೋ ಸೇರಿಕೊಂಡಿದ್ದು ಕಂಡರೆ ಜಗ್ ಹಿಡಿದು ಹರಿವನ್ನು ಮತ್ತೆ ಅಳೆಯಿರಿ. ಮೊದಲ ದಿನದ ಅಂಕಿಗಿಂತ ಇಳಿದಿದ್ದರೆ ಬಿಚ್ಚಿ ತೊಳೆಯುವ ಹೊತ್ತು ಬಂದಿದೆ.